ಪಟ್ಟಿಯೂ ನಿಯಮವೂ

2018ರ ಆಗಸ್ಟ್ ತಿಂಗಳಲ್ಲಿ ಸುರಿದ ಭಾರಿ ಮಳೆಗೆ ಕೊಡಗಿನ ಗುಡ್ಡಗಳು ಕುಸಿದವು. ಮಕ್ಕಂದೂರು, ಜೋಡುಪಾಲ ಮೊದಲಾದ ಊರುಗಳ ಅನೇಕ ಕುಟುಂಬಗಳು ಮನೆಮಠಗಳನ್ನು ತೊರೆದು ಪರಿಹಾರ ಕೇಂದ್ರಗಳನ್ನು ಸೇರಿದವು. ಮುಂದೆ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ನಿರಾಶ್ರಿತರಿಗಾಗಿ ಹೊಸ ಮನೆಗಳು ಎದ್ದವು. ಇಂತಹ ಸಂದರ್ಭದಲ್ಲಿ ಯಾರಿಗೆ ಮನೆ ಸಲ್ಲಬೇಕೆಂಬುದನ್ನು ತೀರ್ಮಾನಿಸಲು ಎರಡು ಸಾಧನಗಳು ಬೇಕು: ಒಂದು ಪಟ್ಟಿ, ಇನ್ನೊಂದು ನಿಯಮ. ಇವೆರಡನ್ನೂ ಗಣಕಯಂತ್ರಕ್ಕೆ ಒಪ್ಪಿಸಿ ತೀರ್ಮಾನ ಪಡೆಯುವ ವ್ಯವಸ್ಥೆಯನ್ನು 'ರೂಲ್ಸ್ ಎಂಜಿನ್' ಅಥವಾ ನಿಯಮಯಂತ್ರ ಎನ್ನುತ್ತಾರೆ.

ನಿಯಮಯಂತ್ರಕ್ಕೆ ಕಥೆ ತಿಳಿಯದು. ಅದಕ್ಕೆ ಬೇಕಾದುದು ಬಿಡಿಬಿಡಿಯಾದ ಸಂಗತಿಗಳು. 'ಪಾಪ, ಆ ಮನೆಯವರು ಬಹಳ ನೊಂದಿದ್ದಾರೆ' ಎಂಬ ಮಾತಿನಿಂದ ಅದು ಏನನ್ನೂ ನಿರ್ಣಯಿಸಲಾರದು. 'ಈ ಕುಟುಂಬದ ಊರು ಮಕ್ಕಂದೂರು', 'ಈ ಕುಟುಂಬದ ಮನೆ ಪೂರ್ಣ ನಾಶವಾಗಿದೆ', 'ಈ ಕುಟುಂಬಕ್ಕೆ ಬೇರೆ ಮನೆ ಇಲ್ಲ' ಎಂದು ಒಂದೊಂದು ಸಂಗತಿಯನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಆಗ 'ಮನೆ ನಾಶವಾಗಿದ್ದು ಬೇರೆ ಮನೆ ಇಲ್ಲದಿದ್ದರೆ, ಹೊಸ ಮನೆ ಸಲ್ಲತಕ್ಕದ್ದು' ಎಂಬಂತಹ ನಿಯಮವನ್ನು ಅನ್ವಯಿಸುವುದು ಸುಲಭ.

ಹೆಸರೊಂದನ್ನೇ ನಂಬಿದರೆ ಅನರ್ಥವಾದೀತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಕೊಡಂದೇರ ಎಂಬ ಒಂದೇ ಮನೆತನದ ಹೆಸರನ್ನು ಹೊತ್ತವರು. ಮನೆತನದ ಹೆಸರನ್ನು ಮಾತ್ರ ನೋಡುವ ಯಂತ್ರ ಇಬ್ಬರನ್ನೂ ಒಬ್ಬರೆಂದು ಬಗೆದೀತು. ಅಂತೆಯೇ ಒಂದೆಡೆ 'ಕಾರ್ಯಪ್ಪ' ಎಂದೂ ಇನ್ನೊಂದೆಡೆ 'ಕರಿಯಪ್ಪ' ಎಂದೂ ಬರೆದರೆ ಒಬ್ಬರನ್ನೇ ಇಬ್ಬರೆಂದು ಎಣಿಸೀತು. ಆದುದರಿಂದ ಪ್ರತಿ ಕುಟುಂಬಕ್ಕೂ ಬದಲಾಗದ ಒಂದು ಸಂಖ್ಯೆಯನ್ನು ಕೊಟ್ಟು, ಅದರಿಂದಲೇ ಗುರುತಿಸುವುದು ಕ್ಷೇಮ.

ಇನ್ನು ಪಟ್ಟಿಗಳ ಹೋಲಿಕೆ. ಮನೆ ಕಳೆದುಕೊಂಡವರ ಪಟ್ಟಿಯಲ್ಲಿ 1,000 ಸಂಖ್ಯೆಗಳೂ ಮನೆ ಮಂಜೂರಾದವರ ಪಟ್ಟಿಯಲ್ಲಿ 1,000 ಸಂಖ್ಯೆಗಳೂ ಇವೆಯೆಂದು ಭಾವಿಸೋಣ. ಮೊದಲ ಪಟ್ಟಿಯ ಪ್ರತಿಯೊಂದನ್ನೂ ಎರಡನೆಯದರ ಪ್ರತಿಯೊಂದರೊಡನೆ ಹೋಲಿಸಹೊರಟರೆ 10 ಲಕ್ಷ ಹೋಲಿಕೆಗಳಾಗುತ್ತವೆ. ಎರಡೂ ಪಟ್ಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಕೊಂಡರೆ ಶ್ರಮ ತಗ್ಗುತ್ತದೆ. ಎರಡರ ಮೊದಲ ಸಂಖ್ಯೆಗಳನ್ನು ನೋಡಬೇಕು. ಅವು ಒಂದೇ ಆಗಿದ್ದರೆ ಎರಡನ್ನೂ ಬದಿಗಿಡಬೇಕು. ಬೇರೆಯಾಗಿದ್ದರೆ ಚಿಕ್ಕದು ಇನ್ನೊಂದು ಪಟ್ಟಿಯಲ್ಲಿ ಇಲ್ಲವೆಂದು ಗುರುತಿಸಿ, ಅದನ್ನು ಮಾತ್ರ ಬದಿಗಿಡಬೇಕು. ಪ್ರತಿ ಹೋಲಿಕೆಗೂ ಒಂದಾದರೂ ಸಂಖ್ಯೆ ಕಳೆಯುವುದರಿಂದ 2,000 ಹೋಲಿಕೆಗಳೊಳಗೆ ಕೆಲಸ ಮುಗಿಯುತ್ತದೆ. ಜೋಡಿಸುವ ಶ್ರಮವನ್ನು ಸೇರಿಸಿದರೂ ಇದು ಬಹು ಅಗ್ಗ.

ಸಂಗತಿಗಳು ದಿನದಿನವೂ ಬದಲಾಗುತ್ತವೆ. ಒಂದು ಕುಟುಂಬದ ಸ್ಥಿತಿ ಬದಲಾದ ಮಾತ್ರಕ್ಕೆ ಎಲ್ಲ ಕುಟುಂಬಗಳನ್ನೂ ಎಲ್ಲ ನಿಯಮಗಳಿಗೂ ಮತ್ತೆ ಒರೆಹಚ್ಚಬೇಕೆ? ಅಗತ್ಯವಿಲ್ಲವೆಂದು ತೋರಿಸಿದವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಫೋರ್ಗಿ. 1979ರ ತಮ್ಮ ಪ್ರಬಂಧದಲ್ಲಿಯೂ 1982ರ ಲೇಖನದಲ್ಲಿಯೂ ಅವರು ವಿವರಿಸಿದ ವಿಧಾನಕ್ಕೆ 'ರೀಟಿ' ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ಬಲೆ. ಈಗಾಗಲೇ ಹೊಂದಿಕೆಯಾದುದನ್ನು ಈ ಬಲೆ ನೆನಪಿನಲ್ಲಿಟ್ಟುಕೊಂಡು, ಬದಲಾದ ಸಂಗತಿ ತಾಗುವ ನಿಯಮಗಳನ್ನು ಮಾತ್ರ ಪರಿಶೀಲಿಸುತ್ತದೆ.

ಆದರೆ ಒಂದು ಎಚ್ಚರ ಅಗತ್ಯ. ಪಟ್ಟಿಯಲ್ಲಿ ಹೆಸರಿಲ್ಲವೆಂಬುದೂ ಅರ್ಹತೆಯಿಲ್ಲವೆಂಬುದೂ ಒಂದೇ ಅಲ್ಲ. ದಾಖಲೆ ನೀರುಪಾಲಾದವರ, ಸಮೀಕ್ಷೆಯ ದಿನ ನೆಂಟರ ಮನೆಯಲ್ಲಿದ್ದವರ ಹೆಸರು ಬಿಟ್ಟುಹೋಗಿರಬಹುದು. 'ಇಲ್ಲ' ಮತ್ತು 'ತಿಳಿಯದು' ಎಂಬ ಎರಡನ್ನೂ ಬೇರೆ ಬೇರೆಯಾಗಿ ದಾಖಲಿಸಿದರೆ ಮಾತ್ರ ಯಂತ್ರ ಅವುಗಳ ಅಂತರವನ್ನು ಕಾಣಬಲ್ಲದು. ಹಾಗೆ ದಾಖಲಿಸುವ ಹೊಣೆ ಮನುಷ್ಯನದು. ಅವನು ಅದನ್ನು ಮರೆತರೆ ಎಷ್ಟೇ ವೇಗದ ಯಂತ್ರವೂ ಸೂರಿಲ್ಲದವರನ್ನು ಅಷ್ಟೇ ವೇಗವಾಗಿ ಹೊರಗಿಟ್ಟೀತು.