ಗಣಕಯಂತ್ರವೂ ಅದನ್ನು ನಡೆಸುವ ವ್ಯವಸ್ಥೆಯೂ

ಹತ್ತು ವರ್ಷಗಳಷ್ಟು ಹಳೆಯದಾದ ಗಣಕಯಂತ್ರವೊಂದು ನಮ್ಮ ವಾಚಕರಲ್ಲಿ ಹಲವರ ಮನೆಯಲ್ಲಿರಬಹುದು. ಅದರ ಪರದೆ ಬೆಳಗುತ್ತದೆ, ಕೀಲಿಮಣೆ ಸರಿಯಾಗಿದೆ, ಲೆಕ್ಕದಲ್ಲಿ ತಪ್ಪುವುದಿಲ್ಲ. ಆದರೂ 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಇಂತಹ ಯಂತ್ರಗಳಲ್ಲಿ ಅನೇಕವು ವಿಂಡೋಸ್ 11ಕ್ಕೆ ಅನರ್ಹವೆನಿಸಿದವು. ಕೆಡದ ಯಂತ್ರವು ಅನರ್ಹವಾಗುವುದೆಂದರೇನು? ಇದನ್ನರಿಯಲು ಯಂತ್ರಕ್ಕೂ ಅದನ್ನು ನಡೆಸುವ ವ್ಯವಸ್ಥೆಗೂ ಇರುವ ಹೊಂದಿಕೆಯ ಸ್ವರೂಪವನ್ನು ನಾವು ಪರಿಶೀಲಿಸಬೇಕು.

ಯಂತ್ರದ ಹೃದಯವೇ ಪ್ರೊಸೆಸರು. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಒಂದೊಂದು ಸಂಖ್ಯೆಯೂ ಅದಕ್ಕೊಂದು ಆಜ್ಞೆ. ಯಾವ ಸಂಖ್ಯೆಗೆ ಯಾವ ಅರ್ಥವೆಂಬುದನ್ನು ಅದನ್ನು ರಚಿಸಿದವರು ನಿರ್ಧರಿಸಿರುತ್ತಾರೆ. ಉದಾಹರಣೆಗೆ 144ನ್ನು ತೆಗೆದುಕೊಳ್ಳೋಣ. ಇಂದಿನ ಇಂಟೆಲ್ ಮತ್ತು ಎಎಂಡಿ ಗಣಕಗಳಲ್ಲಿ ಅದರ ಅರ್ಥ ‘ಏನನ್ನೂ ಮಾಡದೆ ಮುಂದೆ ಸಾಗು’ ಎಂದು. ಇಂಟೆಲ್ ಸಂಸ್ಥೆಯದೇ ಆದ 1974ರ 8080 ಪ್ರೊಸೆಸರಿಗೆ ಅದು ಕಳೆಯುವ ಆಜ್ಞೆ. 1977ರ ಆಪಲ್ 2 ಯಂತ್ರದಲ್ಲಿದ್ದ 6502 ಪ್ರೊಸೆಸರಿಗಾದರೋ ‘ಹಿಂದಿನ ಲೆಕ್ಕದಲ್ಲಿ ದಶಕ ಉಳಿಯದಿದ್ದರೆ ಬೇರೆಡೆಗೆ ಹಾರು’ ಎಂಬ ಆಜ್ಞೆ. ತೆಲುಗರು ‘ಅವಸರ’ವೆಂದರೆ ಅಗತ್ಯವೆಂದು ಅರ್ಥ, ಕನ್ನಡಿಗರಿಗೆ ಅದೇ ಮಾತು ತ್ವರೆ; ಬಹುಮಟ್ಟಿಗೆ ಅಂತಹದೇ ಸಂಗತಿ ಇದು. ಆದುದರಿಂದ ಒಂದು ಪ್ರೊಸೆಸರಿನ ಭಾಷೆಯಲ್ಲಿ ಸಿದ್ಧಪಡಿಸಿದ ವ್ಯವಸ್ಥೆಯು ಇನ್ನೊಂದು ಭಾಷೆಯ ಪ್ರೊಸೆಸರಿನ ಮೇಲೆ ತಾನಾಗಿ ನಡೆಯಲಾರದು.

ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದುದು ಯುನಿಕ್ಸ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದನ್ನು ಪಿಡಿಪಿ–7 ಯಂತ್ರಕ್ಕಾಗಿ ಆ ಯಂತ್ರದ ಮಾತಿನಲ್ಲಿಯೇ ರಚಿಸಿದರು. 1973ರಲ್ಲಿ ಅದನ್ನು ರಿಚಿಯು ರೂಪಿಸಿದ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ಅಂದಿನಿಂದ ಹೊಸ ಯಂತ್ರವೊಂದು ಬಂದರೆ, ಸಿ ಭಾಷೆಯನ್ನು ಅದರ ಸಂಖ್ಯೆಗಳಿಗೆ ಮಾರ್ಪಡಿಸುವ ಅನುವಾದಕವನ್ನೂ ಯಂತ್ರಕ್ಕೆ ಅಂಟಿಕೊಂಡ ಅಲ್ಪಭಾಗವನ್ನೂ ಬರೆದರೆ ಸಾಕಾಯಿತು; ಉಳಿದುದೆಲ್ಲ ಹಾಗೆಯೇ ನಿಲ್ಲುತ್ತಿತ್ತು. ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಲಿನಕ್ಸ್ ಇದೇ ಹಾದಿಯನ್ನು ಹಿಡಿಯಿತು. ಮೊದಲು ಇಂಟೆಲ್ 386 ಒಂದಕ್ಕೇ ಕಟ್ಟುಬಿದ್ದಿದ್ದ ಅದು ಇಂದು ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಜಗತ್ತಿನ ಮಹಾಗಣಕಗಳಲ್ಲಿಯೂ ಇದೆ. ವಿನೋದವೆಂದರೆ, ತಾನು ಹುಟ್ಟಿದ ಆ 386ನ್ನೇ ಅದು 2013ರಲ್ಲಿ ಹೊರಬಂದ 3.8ನೆಯ ಆವೃತ್ತಿಯಲ್ಲಿ ಕೈಬಿಟ್ಟಿತು!

ಭಾಷೆ ಹೊಂದಿದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಮುದ್ರಕ, ಧ್ವನಿಫಲಕ, ನಿಸ್ತಂತು ಸಂಪರ್ಕದ ಬಿಲ್ಲೆ, ಇವೊಂದೊಂದಕ್ಕೂ ತನ್ನದೇ ರೀತಿನೀತಿಗಳುಂಟು. ಅವುಗಳೊಡನೆ ಮಾತನಾಡಲು ವ್ಯವಸ್ಥೆಯು ಡ್ರೈವರ್ ಎಂಬ ದುಭಾಷಿಯನ್ನು ಇಟ್ಟುಕೊಳ್ಳಬೇಕು. ವ್ಯವಸ್ಥೆಗಳ ನಿಜವಾದ ಭೇದ ಕಾಣುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ವಿಂಡೋಸಿಗೆ ಬೇಕಾದ ದುಭಾಷಿಯನ್ನು ಸಾಮಾನ್ಯವಾಗಿ ಆ ಉಪಕರಣದ ತಯಾರಕನೇ ಬರೆದುಕೊಡುತ್ತಾನೆ; ಗಿರಾಕಿಗಳು ಬಹಳವಿರುವಾಗ ಬರೆಯದೆ ಗತ್ಯಂತರವಿಲ್ಲ. ಲಿನಕ್ಸಿನಲ್ಲಿ ಬಹುಪಾಲು ದುಭಾಷಿಗಳು ವ್ಯವಸ್ಥೆಯ ತಿರುಳಿನೊಡನೆಯೇ ಬರುತ್ತವೆ. ಆದುದರಿಂದ ತಯಾರಕನು ಮರೆತ ಹಳೆಯ ಉಪಕರಣವೂ ಅಲ್ಲಿ ಬಹುಕಾಲ ಬಾಳಬಹುದು. ಆದರೆ ತಯಾರಕನು ತನ್ನ ಬಿಲ್ಲೆಯ ವಿವರವನ್ನು ಗುಟ್ಟಾಗಿಟ್ಟರೆ ಹೊಚ್ಚಹೊಸ ಉಪಕರಣವೂ ಮೂಕವಾಗಿ ಕುಳಿತುಬಿಡುತ್ತದೆ. ಆಪಲ್ ಸಂಸ್ಥೆಯಾದರೋ ಯಂತ್ರ, ವ್ಯವಸ್ಥೆ ಎರಡನ್ನೂ ತಾನೇ ಮಾಡುತ್ತದೆ. ಹೊಂದಿಕೆ ಸೊಗಸಾಗಿರುವುದು ಸಹಜ. 1994, 2006 ಮತ್ತು 2020ರಲ್ಲಿ ಅದು ಪ್ರೊಸೆಸರಿನ ಭಾಷೆಯನ್ನೇ ಬದಲಿಸಿತು. ಪ್ರತಿಸಾರಿಯೂ ಹಳೆಯ ತಂತ್ರಾಂಶಗಳಿಗೆ ಕೆಲಕಾಲ ಆಸರೆಯನ್ನು ಕೊಟ್ಟಿತು, ಹಳೆಯ ಯಂತ್ರಗಳನ್ನು ಕಾಲಕ್ರಮೇಣ ಹಿಂದೆ ಬಿಟ್ಟಿತು.

ಇನ್ನು ನಮ್ಮ ಹಳೆಯ ಯಂತ್ರಕ್ಕೆ ಬರೋಣ. ವಿಂಡೋಸ್ 11 ಬಯಸುವುದು 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ, ಗುಪ್ತಕೀಲಿಗಳನ್ನು ಕಾಯುವ ಟಿಪಿಎಂ 2.0 ಎಂಬ ಏರ್ಪಾಡು, ಮತ್ತು ಒಪ್ಪಿತವಾದ ಪಟ್ಟಿಯಲ್ಲಿರುವ ಪ್ರೊಸೆಸರು. ಇಂಟೆಲಿನಲ್ಲಿ, ಕೆಲವೇ ಅಪವಾದಗಳನ್ನು ಬಿಟ್ಟರೆ, 2017ರಲ್ಲಿ ಬಂದ ಎಂಟನೆಯ ಪೀಳಿಗೆಗಿಂತ ಹಿಂದಿನವು ಆ ಪಟ್ಟಿಯಲ್ಲಿಲ್ಲ. ಏಳನೆಯ ಪೀಳಿಗೆಯ ಪ್ರೊಸೆಸರಿಗೆ ಭಾಷೆ ಬಾರದೆಂದಲ್ಲ, ದುಭಾಷಿ ಇಲ್ಲವೆಂದೂ ಅಲ್ಲ. ಇಲ್ಲಿ ಗೆರೆಯನ್ನು ಎಳೆದುದು ತಯಾರಕರ ತೀರ್ಮಾನ. ಭದ್ರತೆಯ ಕಾರಣವು ಹುರುಳಿಲ್ಲದ್ದೆಂದು ನಾವು ಹೇಳುವುದಿಲ್ಲ. ಆದರೆ ಅದರ ಬೆಲೆಯನ್ನು ತೆರುವವನು ಹೊಸ ಯಂತ್ರವನ್ನು ಕೊಳ್ಳಲಾರದ ವಿದ್ಯಾರ್ಥಿ.

ಅಂತಹ ವಿದ್ಯಾರ್ಥಿಯು ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ತುಂಬಿ, ಒಳಗಿನ ಸಂಗ್ರಹವನ್ನು ಮುಟ್ಟದೆ ಅಲ್ಲಿಂದಲೇ ನಡೆಸಿ ನೋಡಬಹುದು. ಕನ್ನಡದ ಟಂಕನಕ್ಕೆ ಕಗಪ ಕೀಲಿವಿನ್ಯಾಸವು ಅಲ್ಲಿಯೂ ಉಂಟು. ಆದರೆ ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತಗಳನ್ನು ಪರಿವರ್ತಿಸಿಕೊಳ್ಳಬೇಕು. ವಿಂಡೋಸಿಗೆಂದೇ ಮಾಡಿದ ಕೆಲವು ತಂತ್ರಾಂಶಗಳು ನಡೆಯಲಾರವೆಂಬುದೂ ನೆನಪಿನಲ್ಲಿರಲಿ. ಮೊದಲು ಅಂತರಜಾಲದ ಸಂಪರ್ಕ, ಆಮೇಲೆ ಧ್ವನಿ, ಮುಚ್ಚಳವನ್ನು ಮುಚ್ಚಿ ತೆರೆದಾಗ ಯಂತ್ರವು ನಿದ್ರೆಯಿಂದ ಏಳುವುದೇ ಎಂಬುದು, ಕಡೆಯಲ್ಲಿ ಮುದ್ರಕ, ಹೀಗೆ ಪರೀಕ್ಷಿಸಬೇಕು. ಇವು ನಾಲ್ಕೂ ಸರಿಹೋದರೆ, ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು ಸ್ಥಾಪನೆಗೆ ತೊಡಗಬಹುದು.