ಏಳೂವರೆ ಲಕ್ಷ ಅಗ್ಗದ ಮನೆ

2019ರ ಕೊನೆಯಲ್ಲಿ ನಾವು ಬೆಂಗಳೂರಿನ ಯಲಹಂಕ ಉಪನಗರದಲ್ಲಿ 43 ಲಕ್ಷಕ್ಕೆ ಒಂದು ಹಳೇ ಫ್ಲ್ಯಾಟ್ ಕೊಂಡೆವು. ಎರಡು ಬೆಡ್‌ರೂಮು, 780 ಚದರಡಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅದೇ ಹೊತ್ತಿಗೆ ಅಟ್ಟೂರಿನಿಂದಾಚೆ 1,050 ಚದರಡಿಯ ಹೊಚ್ಚ ಹೊಸ ಫ್ಲ್ಯಾಟ್ 36 ಲಕ್ಷಕ್ಕೆ ಸಿಗುತ್ತಿತ್ತು. ಅದಕ್ಕೆ ಲಿಫ್ಟಿತ್ತು, ಕಾರು ನಿಲ್ಲಿಸಲು ಜಾಗವಿತ್ತು, ಅಡುಗೆಮನೆ ಕಟ್ಟೆಗೆ ಫಳಫಳ ಹೊಳೆಯುವ ಕರಿ ಗ್ರಾನೈಟಿತ್ತು. ಹೆಚ್ಚು ದುಡ್ಡು ಕೊಟ್ಟು ಚಿಕ್ಕ ಮನೆ, ಅದೂ ಹಳೇ ಮನೆ ಕೊಂಡವರು ಅಂತ ನೆಂಟರ ಮದುವೆ ಮುಂಜಿಗಳಲ್ಲಿ ನಮಗೆ ಇವತ್ತಿಗೂ ಒಳ್ಳೇ ಹೆಸರಿದೆ.

ಆ ಮಾತು ಮತ್ತೆ ಎದ್ದಿರುವುದು ನನ್ನ ತಂಗಿಯ ಮಗನಿಂದ. ಜಕ್ಕೂರು ಕಡೆ 62 ಲಕ್ಷದ ಒಂದು ಬಿ ಖಾತಾ ಫ್ಲ್ಯಾಟ್ ನೋಡಿಕೊಂಡು ಬಂದಿದ್ದಾನೆ. ಬಿ ಖಾತಾ ಅಂದರೆ ಮಂಜೂರಾತಿ ಸರಿ ಇಲ್ಲದ ಆಸ್ತಿಗಳನ್ನು ಪಾಲಿಕೆ ಬರೆದಿಡುವ ಬೇರೆ ವಹಿ. “ಈಗ ಬಿ ಖಾತಾ ಅಂದ್ರೆ ಏನೂ ಭಯ ಇಲ್ಲ ದೊಡ್ಡಮ್ಮ, ಸರ್ಕಾರವೇ ಎ ಮಾಡಿಕೊಡ್ತಿದೆ” ಅಂದ. ಬ್ರೋಕರ್ ಹೇಳಿಕೊಟ್ಟ ಪಾಠ ಅದು. 2025ರ ನವೆಂಬರ್‌ನಲ್ಲಿ ಶುರುವಾದ ಯೋಜನೆ ನಿವೇಶನಗಳಿಗೆ ಸಂಬಂಧಿಸಿದ್ದು. ಶುರುವಾದಾಗ ಮಾರ್ಗಸೂಚಿ ದರದ ಶೇ 5ರಷ್ಟು ಕಟ್ಟಿ ಖಾತಾ ಬದಲಿಸಿಕೊಳ್ಳಬೇಕಿತ್ತು. ನೆಲದ ಖಾತಾ ಬದಲಾದ ಮಾತ್ರಕ್ಕೆ ನಕ್ಷೆ ಮೀರಿ ಎದ್ದ ನಾಲ್ಕನೇ ಮಹಡಿ ಸಕ್ರಮವಾಗಿಬಿಡುವುದಿಲ್ಲ. “ಇ-ಖಾತಾನೂ ಇದೆಯಂತೆ” ಅಂದ. ಇರಲೇಬೇಕಲ್ಲ, 2024ರ ಅಕ್ಟೋಬರ್ ನಂತರ ಅದಿಲ್ಲದೆ ನೋಂದಣಿಯೇ ಆಗುವುದಿಲ್ಲ. ಆದರೆ ಬಿ ವಹಿಯಲ್ಲಿರುವ ಆಸ್ತಿಗೂ ಇ-ಖಾತಾ ಕೊಡುತ್ತಾರೆ. ಅದರಲ್ಲಿ ಎ ಅಂತಿದೆಯೋ ಬಿ ಅಂತಿದೆಯೋ ನೋಡಿದೆಯಾ ಅಂದರೆ ಫೋನ್ ತೆಗೆದು ಹುಡುಕತೊಡಗಿದ.

ಅಟ್ಟೂರಿನ ಆ ಹೊಸ ಫ್ಲ್ಯಾಟೂ ಬಿ ಖಾತಾದ್ದೇ, 2019ರಲ್ಲಿ ಅಲ್ಲಿನ ಬ್ರೋಕರ್ ನಮಗೂ ಇಂಥದೇ ಭರವಸೆ ಕೊಟ್ಟಿದ್ದ. ಆಗಿನ ಮಂತ್ರ ಅಕ್ರಮ-ಸಕ್ರಮ, ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡಗಳನ್ನು ಸಕ್ರಮ ಮಾಡುವ ಸರ್ಕಾರದ ಯೋಜನೆ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. “ಇನ್ನೇನು ಆರು ತಿಂಗಳು, ಸ್ಟೇ ತೆರವಾಗುತ್ತೆ ಮೇಡಂ” ಅನ್ನುತ್ತಿದ್ದ ಆ ಮನುಷ್ಯ. ಅವನ ಆರು ತಿಂಗಳು ಮುಗಿದೇ ಇಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು 18 ಲಕ್ಷ. ಅದರಲ್ಲಿ ಎಂಟು ಲಕ್ಷ ಆರ್.ಟಿ. ನಗರದ ಲೀಸ್ ಮನೆಯ ಮಾಲೀಕರ ಹತ್ತಿರವಿತ್ತು. ಉಳಿದದ್ದು ನನ್ನ ಪಿಎಫ್, ಒಂದು ಎಫ್‌ಡಿ, ಸ್ವಲ್ಪ ಚಿನ್ನ. ತಿಂಗಳಿಗೆ 25 ಸಾವಿರಕ್ಕಿಂತ ಹೆಚ್ಚು ಕಂತು ಕಟ್ಟುವ ಶಕ್ತಿ ಇರಲಿಲ್ಲ. ನನ್ನ ಕೆಲಸ ಯಶವಂತಪುರದಲ್ಲಿ, ನಮ್ಮ ಮನೆಯವರದು ಹೆಬ್ಬಾಳದ ಹತ್ತಿರ. ಹಾಗಾಗಿ ಹುಡುಕಾಟ ಆರ್.ಟಿ. ನಗರ, ಯಶವಂತಪುರ, ಹೆಬ್ಬಾಳ, ಯಲಹಂಕ ಈ ನಾಲ್ಕರ ಆಚೆ ಹೋಗಲಿಲ್ಲ.

ಆರ್.ಟಿ. ನಗರದಲ್ಲೇ ಇರೋಣ ಅಂತ ಮನಸ್ಸಿತ್ತು. ಅಲ್ಲಿ ನಮ್ಮ ದುಡ್ಡಿಗೆ ಸಿಕ್ಕಿದ್ದು ಒಬ್ಬರ ಸ್ವಂತ ಮನೆಯ ಎರಡನೇ ಮಹಡಿ. ಕ್ರಯಪತ್ರದ ಬದಲು ಜಿಪಿಎ ಮಾಡಿಕೊಡ್ತೀವಿ, ನೋಟರಿ ಆದರೆ ಸಾಕು ಅಂದರು. ಕಾಫಿ ಕುಡಿದು ಎದ್ದು ಬಂದೆವು. ಯಶವಂತಪುರದಲ್ಲಿ, ಮತ್ತಿಕೆರೆ ಕಡೆ, ಒಂದೇ ಬೆಡ್‌ರೂಮಿನ ಮನೆ 41 ಲಕ್ಷಕ್ಕಿತ್ತು. ಕಾಗದ ಸರಿ ಇತ್ತು, 2014ರಲ್ಲೇ ಬಂದ ಮೆಟ್ರೋ ನಡಿಗೆಯ ದೂರದಲ್ಲಿತ್ತು. ಆದರೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು, ಹಾಲ್‌ನಲ್ಲಿ ಮಲಗುವ ಅತ್ತೆಯವರು. ಬೆಲೆಯ ಮಾತು ಬರುವ ಮೊದಲೇ ಅದನ್ನು ಕೈಬಿಟ್ಟೆವು.

ಹೆಬ್ಬಾಳ ಕೆಂಪಾಪುರದ್ದು ಇನ್ನೂ ಕಟ್ಟುತ್ತಿದ್ದ ಮನೆ, 54 ಲಕ್ಷ, ಅದರ ಮೇಲೆ ಶೇ 5 ಜಿಎಸ್‌ಟಿ ಅಂದರೆ 2,70,000. ನಮ್ಮ ಅಳತೆಗೆ ಮೀರಿದ್ದು. ಆದರೂ ಅಲ್ಲಿಗೆ ಹೋದದ್ದು “ಮನೆ ಕೈಗೆ ಬರೋವರೆಗೆ ಬಡ್ಡಿ ನಾವೇ ಕಟ್ತೀವಿ” ಅನ್ನುವ ಜಾಹೀರಾತು ನೋಡಿ. ಈ ಯೋಜನೆಯ ಬಗ್ಗೆ ಮರ್ಯಾದೆಯಿಂದ ಬರೆಯಲು ನನಗೆ ಸಾಧ್ಯವಿಲ್ಲ. ಸಾಲ ಇರುವುದು ನಿಮ್ಮ ಹೆಸರಲ್ಲಿ. ಸಾಲದ ದೊಡ್ಡ ಪಾಲು ಗೋಡೆ ಏಳುವ ಮೊದಲೇ ಬಿಲ್ಡರ್ ಕೈ ಸೇರುತ್ತದೆ. ಅವರು ಬಡ್ಡಿ ಕಟ್ಟುವುದು ನೀವು ಸಾಲ ಮಾಡಿ ಕೊಟ್ಟ ಅದೇ ದುಡ್ಡಿನಲ್ಲಿ. ನಾಳೆ ಅವರು ನಿಲ್ಲಿಸಿದರೆ ಬ್ಯಾಂಕ್ ಫೋನ್ ಮಾಡುವುದು ನಿಮಗೆ, ಸಿಬಿಲ್ ಕೆಡುವುದು ನಿಮ್ಮದು, ಮನೆ ಮಾತ್ರ ಇನ್ನೂ ಸಿಮೆಂಟ್ ಕಂಬ. ಕಟ್ಟಡ ಏರಿದಷ್ಟೇ ಹಣ ಬಿಡುಗಡೆ ಮಾಡಿ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. 2019ರ ಜುಲೈಯಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಗೃಹ ಹಣಕಾಸು ಕಂಪನಿಗಳಿಗೆ ಇಂಥ ಸಾಲ ಬೇಡ ಅಂದಿತು. ಹೇಳಿದ ಮೇಲೂ ಹೊಸ ಹೊಸ ಹೆಸರಲ್ಲಿ ಬರುತ್ತಲೇ ಇದೆ. ಬಂದರೆ ಬಾಗಿಲು ಹಾಕಿಕೊಳ್ಳಿ, ಅಷ್ಟೇ.

ಉಳಿದದ್ದು ಉಪನಗರ ಮತ್ತು ಅಟ್ಟೂರು. ಅಟ್ಟೂರಿನ ಕಟ್ಟಡದಲ್ಲಿ ಎಂಟೇ ಮನೆ. ಎಂಟು ಮೀರದಿದ್ದರೆ ರೇರಾ ನೋಂದಣಿ ಬೇಕಿಲ್ಲವಲ್ಲ, ಇಂಥ ಕಟ್ಟಡಗಳು ಬಹಳಷ್ಟು ಎಂಟಕ್ಕೇ ನಿಲ್ಲುತ್ತವೆ! ಸರ್ಕಾರಿ ಬ್ಯಾಂಕಿನವರು ಬಿ ಖಾತಾ ಅಂದ ಕೂಡಲೇ ಫೈಲ್ ಮುಚ್ಚಿದರು. ಬಿಲ್ಡರ್ ಕಡೆಯವರೇ ಒಂದು ಹಣಕಾಸು ಕಂಪನಿಯವರನ್ನು ಕರೆತಂದು ಕೂರಿಸಿದರು. ಬಡ್ಡಿ ಶೇ 11.5. ಅವತ್ತು ರಾತ್ರಿ ಮಗಳ ರಫ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಹಾಕಿದ ಲೆಕ್ಕವನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

ಉಪನಗರದ ಮನೆಗೆ ಕ್ರಯ 43 ಲಕ್ಷ. ಆಗ ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು, ನೋಂದಣಿ ಎಲ್ಲಾ ಸೇರಿ ಶೇ 6.6, ಅಂದರೆ 2,83,800. ಒಟ್ಟು 45,83,800. ನಮ್ಮ 18 ಲಕ್ಷ ಕಳೆದರೆ ಸಾಲ 27,83,800. ಶೇ 8.5ರಂತೆ 20 ವರ್ಷಕ್ಕೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು. ತಿಂಗಳಿಗೆ 24,160.

ಅಟ್ಟೂರಿನ ಮನೆಗೆ ಕ್ರಯ 36 ಲಕ್ಷ, ನೋಂದಣಿ ಖರ್ಚು 2,37,600, ಒಟ್ಟು 38,37,600. ಸಾಲ 20,37,600. ಶೇ 11.5ರಂತೆ 20 ವರ್ಷಕ್ಕೆ ಲಕ್ಷಕ್ಕೆ 1,066 ರೂಪಾಯಿ. ತಿಂಗಳಿಗೆ 21,730. ಕಂಪನಿಯವರು ಹದಿನೈದೇ ವರ್ಷ ಅಂದಿದ್ದರು, ಆಗ ಕಂತು 23,800 ಆಗುತ್ತಿತ್ತು. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ ಅಂತ ಇಪ್ಪತ್ತಕ್ಕೇ ಹಾಕಿದೆ.

ಎರಡು ಮನೆಗಳ ನಡುವಿನ ಅಂತರ ನೋಂದಣಿ ಸೇರಿ 7,46,200. ಬಡ್ಡಿ ಎರಡಕ್ಕೂ ಶೇ 8.5 ಇದ್ದಿದ್ದರೆ ಅಟ್ಟೂರಿನಲ್ಲಿ ತಿಂಗಳಿಗೆ 6,480 ರೂಪಾಯಿ ಉಳಿಯಬೇಕಿತ್ತು. ಉಳಿಯುತ್ತಿದ್ದದ್ದು 2,430. ಮಿಕ್ಕ 4,050 ಹೋಗುತ್ತಿದ್ದದ್ದು ಎಲ್ಲಿಗೆ? ಆ ಒಂದು ಅಕ್ಷರಕ್ಕೆ. ಬಿಲ್ಡರ್ ಬೆಲೆಯಲ್ಲಿ ಬಿಟ್ಟದ್ದನ್ನು ಸಾಲ ಕೊಟ್ಟವರು ತಿಂಗಳು ತಿಂಗಳು ವಸೂಲಿ ಮಾಡಿಕೊಳ್ಳುತ್ತಾರೆ. ಏಳೂವರೆ ಲಕ್ಷ ಅಗ್ಗ ಅಂತ ಹೊರಟವರಿಗೆ ಕೊನೆಗೆ ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ.

ಆ 2,430 ಆದರೂ ಉಳಿಯುತ್ತಿತ್ತೇ? ನೀರಿನ ಖರ್ಚು ನೋಡಿ. ಉಪನಗರ ಗೃಹ ಮಂಡಳಿ ಮಾಡಿದ ಬಡಾವಣೆ. ನಮ್ಮ ಕಟ್ಟಡಕ್ಕೆ ಕಾವೇರಿ ಸಂಪರ್ಕ ಇತ್ತು. ದಿನಾ ಬರುತ್ತಿರಲಿಲ್ಲ, ಸಂಪು ತುಂಬುವಷ್ಟು ಬರುತ್ತಿತ್ತು. ಅಟ್ಟೂರಿನ ಕಟ್ಟಡಕ್ಕೆ ಒಂದು ಬೋರ್‌ವೆಲ್, ಮಿಕ್ಕಿದ್ದು ಟ್ಯಾಂಕರು. 2024ರ ಬೇಸಿಗೆ ನೆನಪಿದೆಯಲ್ಲ? ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಬೇಕಾಯಿತು: ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ, ಮೇಲೆ ಜಿಎಸ್‌ಟಿ. ಕಟ್ಟಿದ ದರಕ್ಕೆ ನೀರು ಸಿಕ್ಕವರು ಪುಣ್ಯವಂತರು. ಆ ಕಟ್ಟಡದಲ್ಲಿ ಮನೆ ಕೊಂಡ ನಮ್ಮ ಪರಿಚಯದವರ ಮೇಂಟೆನೆನ್ಸ್ ಬಿಲ್ಲಿನಲ್ಲಿ ನೀರಿನದೇ ಒಂದು ಬೇರೆ ಸಾಲು. ಲಿಫ್ಟಿನ ಕರೆಂಟು, ಜನರೇಟರ್ ಡೀಸೆಲ್ ಅದರ ಕೆಳಗೆ.

ಇನ್ನೂ ಒಂದಿತ್ತು, ಆವತ್ತು ಪೂರ್ತಿ ಹೊಳೆದಿರಲಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಗೃಹಸಾಲದ ಬಡ್ಡಿಯನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. ಹಣಕಾಸು ಕಂಪನಿಗಳಿಗೆ ಈ ಕಡ್ಡಾಯ ಇಲ್ಲ. 2020ರ ಮೇಯಲ್ಲಿ ರೆಪೊ ಶೇ 4ಕ್ಕೆ ಇಳಿದಾಗ ನಮ್ಮ ಬಡ್ಡಿಯೂ ತಾನಾಗಿ ಇಳಿಯಿತು. ಅಟ್ಟೂರಿನವರು ಅರ್ಜಿ ಹಿಡಿದು ಓಡಾಡಿದರು. 2023ರ ಫೆಬ್ರವರಿಗೆ ರೆಪೊ 6.5 ಮುಟ್ಟಿದಾಗ ನಮಗೂ ಏಟು ಬಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಏರಿದರೆ ಯಾಕೆ, ಇಳಿದರೆ ಯಾಕೆ ಅನ್ನುವುದು ಪತ್ರಿಕೆ ಓದಿದರೆ ಗೊತ್ತಾಗುತ್ತಿತ್ತು.

ಅಟ್ಟೂರಿನ ಆ ಪರಿಚಯದವರು ಈಗ ಮನೆ ಮಾರಲು ನೋಡುತ್ತಿದ್ದಾರೆ. ಮನೆ ನೋಡಿ ಮೆಚ್ಚುವವರಿಗೆ ಕೊರತೆ ಇಲ್ಲ. ಬ್ಯಾಂಕ್ ಸಾಲ ಆಗುತ್ತಾ ಅಂತ ಕೇಳಿದವರು ಮತ್ತೆ ಫೋನ್ ಮಾಡುವುದಿಲ್ಲ.

ಕಾಗದ ನೆಟ್ಟಗಿದ್ದರೆ ಎಲ್ಲ ನೆಟ್ಟಗೆ ಅಂತ ನಾನು ಹೇಳುತ್ತಿಲ್ಲ. ಯಲಹಂಕದ ಕೇಂದ್ರೀಯ ವಿಹಾರ ಕೇಂದ್ರ ಸರ್ಕಾರಿ ನೌಕರರಿಗೆಂದೇ ಕಟ್ಟಿದ ವಸತಿ ಸಮುಚ್ಚಯ. 2021ರ ನವೆಂಬರ್‌ನಲ್ಲಿ ಕೆರೆ ಕೋಡಿ ಹರಿದು ಅಲ್ಲಿಯ ಜನ ದೋಣಿ ಹತ್ತಿ ಹೊರಗೆ ಬಂದರು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಆಯಿತು. ನೀರಿಗೆ ಖಾತಾ ಓದಲು ಬರುವುದಿಲ್ಲ. ಆದ್ದರಿಂದ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಬಿಲ್ಡರ್ ಕಳಿಸಿದ ಕಾರಿನಲ್ಲಿ ಹೋಗಿ ಮನೆ ನೋಡುವ ಚಾಳಿ ಬಿಡಿ. ಜೋರು ಮಳೆ ಬಂದ ಮಾರನೇ ದಿನ ಹೋಗಿ. ಏಪ್ರಿಲ್‌ನಲ್ಲಿ ಹೋಗಿ ವಾಚ್‌ಮನ್ ಹತ್ತಿರ ನೀರಿನ ವಿಚಾರ ಕೇಳಿ, ಅವನು ಸುಳ್ಳು ಹೇಳುವುದಿಲ್ಲ. ವಾರದ ದಿನ ಸಂಜೆ ಆರಕ್ಕೆ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ಬನ್ನಿ, “ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ” ಅನ್ನುವ ಬ್ರೋಷರನ್ನು ಅಲ್ಲೇ ಹರಿದು ಹಾಕುತ್ತೀರಿ.

ಮನೆ ಕೊಂಡ ಮೇಲಿನ ಚಾಳಿಗಳು ಇನ್ನೂ ದುಬಾರಿ. ನಮ್ಮ ಜನ ಬಡ್ಡಿಯಲ್ಲಿ ಕಾಲು ಪರ್ಸೆಂಟಿಗೆ ವಾರಗಟ್ಟಲೆ ಚೌಕಾಸಿ ಮಾಡಿ, ಆಮೇಲೆ ಫಾಲ್ಸ್ ಸೀಲಿಂಗಿಗೆ, ಗೃಹಪ್ರವೇಶದ ಊಟಕ್ಕೆ ಪರ್ಸನಲ್ ಲೋನ್ ತೆಗೆಯುತ್ತಾರೆ. ನಾವು ಹಳೇ ಕಿಟಕಿಗೆ ಬಣ್ಣ ಬಳಿಸಿ, ಹಾಲುಕ್ಕಿಸಿ ಒಳಗೆ ಹೋದೆವು. ಸೋಫಾ ಬಂದದ್ದು ಎರಡು ದೀಪಾವಳಿ ಕಳೆದ ಮೇಲೆ. ಬೋನಸ್ ಬಂದಾಗೆಲ್ಲ ಅಸಲಿಗೆ ಕಟ್ಟಿದ್ದೇವೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕಬಾರದು ಅಂತ 2012ರಲ್ಲೇ ನಿಯಮ ಬಂದಿದೆ. ಅದನ್ನು ಬಳಸಿಕೊಳ್ಳದೆ ಕಂತು ಕಟ್ಟುತ್ತಾ ಕೂರುವವರನ್ನು ಕಂಡರೆ ನನಗೆ ಸಂಕಟ. ಮಂಡಿನೋವಿನ ಅತ್ತೆಯವರು ಮೂರು ಮಹಡಿ ಹತ್ತಿಳಿಯುವುದು ಕಡಿಮೆ ಮಾಡಿದ್ದಾರೆ; ಈ ಮನೆಯ ನಿಜವಾದ ಖರ್ಚು ಅದು, ಯಾವ ಲೆಕ್ಕದಲ್ಲೂ ನಾನು ಹಿಡಿದಿರಲಿಲ್ಲ.

ತಂಗಿಯ ಮಗನಿಗೆ ನೋಂದಣಿ ಖರ್ಚೇ ಹೆಚ್ಚು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಹಾಗಾಗಿ ಒಟ್ಟು ಶೇ 7.6, ಅವನ 62 ಲಕ್ಷಕ್ಕೆ 4,71,200. ಇದನ್ನು ಕೇಳಿ ಅವನ ಮುಖ ಸಪ್ಪಗಾಯಿತು. ಮೂಲಪತ್ರ, ಮಂಜೂರಾದ ನಕ್ಷೆ, ಮೂವತ್ತು ವರ್ಷದ ಇಸಿ ಇಷ್ಟರ ನಕಲು ತಾ, ನಮ್ಮ ಬ್ಯಾಂಕಿನ ವಕೀಲರಿಗೇ ತೋರಿಸೋಣ ಅಂದೆ. ಕೇಳಿದ್ದಕ್ಕೆ, ಅಡ್ವಾನ್ಸ್ ಆದ ಮೇಲೆ ಕೊಡ್ತೀವಿ ಅಂದರಂತೆ. ಈಗ ವಿದ್ಯಾರಣ್ಯಪುರದ ಕಡೆ ಹಳೇ ಎ ಖಾತಾ ಮನೆಗಳನ್ನು ನೋಡುತ್ತಿದ್ದಾನೆ. ಒಂದೇ ಬೆಡ್‌ರೂಮು ಸಾಕು ಅಂತ ಅವನ ಹೆಂಡತಿ, ಎರಡಿಲ್ಲದ ಮನೆಗೆ ನಾನು ಕಾಲಿಡಲ್ಲ ಅಂತ ನನ್ನ ತಂಗಿ. ಆ ಲೆಕ್ಕಕ್ಕೆ ಮಾತ್ರ ನನ್ನನ್ನು ಎಳೀಬೇಡಪ್ಪ ಅಂದಿದ್ದೇನೆ.