ಸ್ವಿಚ್ ಲಾಗ್ ಓದುವುದು ಹೇಗೆ? ಅಂಕಿ ಚಿಕ್ಕದಾದಷ್ಟೂ ತೊಂದರೆ ದೊಡ್ಡದು

ಕಾಲೇಜಿರಲಿ, ಸಹಕಾರಿ ಬ್ಯಾಂಕಿರಲಿ, ನೆಟ್‌ವರ್ಕ್ ನಿಂತ ಕೂಡಲೇ ಎಲ್ಲರೂ ದೂರುವುದು ಇಂಟರ್ನೆಟ್ ಕಂಪನಿಯನ್ನು. ಎಷ್ಟೋ ಸಲ ಕಾರಣ ಕಟ್ಟಡದೊಳಗಿನ ಸ್ವಿಚ್‌ನಲ್ಲೇ ಇರುತ್ತದೆ. ಅದು ಲಾಗ್‌ನಲ್ಲಿ ದಾಖಲಾಗಿಯೂ ಇರುತ್ತದೆ, ಓದುವವರು ಮಾತ್ರ ಇರುವುದಿಲ್ಲ.

ಮೊದಲು ಸ್ವಿಚ್‌ನ ಗಡಿಯಾರ ಸರಿಪಡಿಸಿ. ಸಿಸ್ಕೊ ಸ್ವಿಚ್‌ನ ಲಾಗ್‌ನಲ್ಲಿ ಸಮಯದ ಮುಂಚೆ ನಕ್ಷತ್ರ ಚಿಹ್ನೆ ಇದ್ದರೆ ಆ ಸಮಯವನ್ನು ನಂಬುವಂತಿಲ್ಲ. ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ಜೋಡಿಸಿ. ಲಾಗ್ ಉಳಿಸಿಡುವುದೂ ಮುಖ್ಯ. ದೇಶದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸ್ವಿಚ್‌ನ ಬಫರ್‌ನಲ್ಲಿ ಅಷ್ಟು ಜಾಗವಿಲ್ಲ, ಕರೆಂಟ್ ಹೋದರೆ ಇದ್ದದ್ದೂ ಅಳಿಸಿಹೋಗುತ್ತದೆ. ಆದ್ದರಿಂದ ಲಿನಕ್ಸ್ ಹಾಕಿದ ಒಂದು ಕಂಪ್ಯೂಟರನ್ನು ಸಿಸ್‌ಲಾಗ್ ಸರ್ವರ್ ಮಾಡಿ, ಲಾಗನ್ನು ಅಲ್ಲಿಗೆ ಕಳಿಸಿ. ಸಾಮಾನ್ಯವಾಗಿ ಇದಕ್ಕೆ ಬಳಸುವುದು ಯುಡಿಪಿ 514ನೇ ಪೋರ್ಟ್.

ಇನ್ನು ತೀವ್ರತೆಯ ಮಟ್ಟಗಳು. 0 ಎಮರ್ಜೆನ್ಸಿ, 1 ಅಲರ್ಟ್, 2 ಕ್ರಿಟಿಕಲ್, 3 ಎರರ್, 4 ವಾರ್ನಿಂಗ್, 5 ನೋಟಿಫಿಕೇಶನ್, 6 ಮಾಹಿತಿ, 7 ಡೀಬಗ್. ಒಂದು ಮಟ್ಟ ಆರಿಸಿದರೆ ಆ ಅಂಕಿಯೂ ಅದಕ್ಕಿಂತ ಚಿಕ್ಕವೂ ಬರುತ್ತವೆ.

ಆದರೆ ಅಂಕಿಯೊಂದನ್ನೇ ನಂಬಬೇಡಿ. ಸಂಜೆ ಗುಮಾಸ್ತರು ಕಂಪ್ಯೂಟರ್ ಆಫ್ ಮಾಡಿದರೂ ‘ಲಿಂಕ್-3-ಅಪ್‌ಡೌನ್’ ಬರುತ್ತದೆ, ಬೆಳಿಗ್ಗೆ ಆನ್ ಮಾಡಿದಾಗಲೂ ಅದೇ 3. ಇಡೀ ಮಹಡಿಯನ್ನು ಮೇಲಿನ ಸ್ವಿಚ್‌ಗೆ ಜೋಡಿಸುವ ಅಪ್‌ಲಿಂಕ್ ಕಡಿದಾಗಲೂ ಬರುವುದು ಅದೇ ಸಂದೇಶ. ಹಾಗಾಗಿ ಅಪ್‌ಲಿಂಕ್ ಪೋರ್ಟ್‌ಗಳಿಗೆ ವಿವರಣೆ ಬರೆದಿಡಿ. ಮೇಜಿನ ಪೋರ್ಟ್‌ಗಳಲ್ಲಿ ಈ ಸಂದೇಶವನ್ನು ನಿಲ್ಲಿಸಿ.

‘ಮ್ಯಾಕ್‌ಫ್ಲ್ಯಾಪ್’ನ ಮಟ್ಟ ಬರೀ 4. ಒಂದೇ ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳಲ್ಲಿ ಅದಲುಬದಲಾಗಿ ಕಾಣುತ್ತಿದೆ ಎಂದು ಇದರರ್ಥ. ವೈಫೈ ಫೋನು ಹಿಡಿದು ಓಡಾಡಿದರೂ ಒಂದೆರಡು ಬರುತ್ತವೆ. ಹತ್ತಾರು ವಿಳಾಸಗಳು ಒಟ್ಟಿಗೆ ಹೀಗೆ ಕಂಡರೆ ಮಾತ್ರ ಲೂಪ್ ಆಗಿದೆಯೇ ಎಂದು ತಕ್ಷಣ ಹುಡುಕಿ; ಯಾರೋ ಕೇಬಲ್‌ನ ಎರಡೂ ತುದಿಯನ್ನು ಗೋಡೆಯ ಸಾಕೆಟ್‌ಗಳಿಗೇ ಚುಚ್ಚಿರಬಹುದು. ಸ್ವಿಚ್ ತಾನೇ ಪೋರ್ಟ್ ಮುಚ್ಚಿದ ‘ಎರರ್-ಡಿಸೇಬಲ್’ ಕೂಡ 4. ಕಾರಣ ತಿಳಿಯದೆ ಆ ಪೋರ್ಟ್ ತೆರೆಯಬೇಡಿ.

ನನಗೆ ಎಲ್ಲಕ್ಕಿಂತ ಕಳವಳ ತರುವುದು ‘ಸಿಸ್-5-ಕಾನ್ಫಿಗ್’. ಯಾರೋ ಒಳಹೊಕ್ಕು ಸೆಟ್ಟಿಂಗ್ ಮುಟ್ಟಿದ್ದಾರೆ ಎನ್ನುವ ಸುದ್ದಿ ಅದು. ರಾತ್ರಿ ಎರಡಕ್ಕೆ ಬಂದರೆ 5 ಎಂದು ಸುಮ್ಮನಿರಲಾದೀತೆ? ಸರ್ವರ್‌ಗೆ 4ರವರೆಗೆ ಮಾತ್ರ ಕಳಿಸುವವರಿಗೆ ಇದು ಕಾಣುವುದೇ ಇಲ್ಲ. 6ರವರೆಗೂ ಸಂಗ್ರಹಿಸಿ. ಫೋನಿಗೆ ಮಾತ್ರ 0, 1, 2ರ ಜೊತೆ ಅಪ್‌ಲಿಂಕ್ ಕಡಿತ, ಮೇಲಿನ ಎರಡು ವಾರ್ನಿಂಗ್, ಹೊತ್ತಲ್ಲದ ಹೊತ್ತಿನ ಕಾನ್ಫಿಗ್ ಬರಲಿ. 7ನ್ನು ಸದಾ ಹಚ್ಚಿಡಬೇಡಿ, ಸ್ವಿಚ್‌ನ ಸಿಪಿಯುಗೆ ಹೊರೆ.

ಕೊನೆಗೊಂದು ಪರೀಕ್ಷೆ. ಕಚೇರಿ ಮುಗಿದ ಮೇಲೆ ಒಂದು ಅಪ್‌ಲಿಂಕ್ ಕಿತ್ತು ನೋಡಿ. ದಾರಿಯೇ ಕಡಿದ ಸ್ವಿಚ್‌ನಿಂದ ಸಂದೇಶ ಬರಲಾರದು, ಮೇಲಿನ ಸ್ವಿಚ್‌ನಿಂದ ಬರಬೇಕು. ಬರದಿದ್ದರೆ ಮೇಲಿನ ಸ್ವಿಚ್‌ನ ಲಾಗ್ ಸೆಟ್ಟಿಂಗನ್ನೂ ಫೈರ್‌ವಾಲ್‌ನಲ್ಲಿ 514 ತೆರೆದಿದೆಯೇ ಎಂಬುದನ್ನೂ ಅಂದೇ ಪರಿಶೀಲಿಸಿ.